ಇಂಗ್ಲಿಷ್ ಭಾಷಾ ಪ್ರಾವೀಣ್ಯ ಪರೀಕ್ಷೆಗಳು

ಇಂಗ್ಲಿಷ್ ಭಾಷಾ ಪ್ರಾವೀಣ್ಯ ಪರೀಕ್ಷೆಗಳು ಎಂದರೆ ಇಂಗ್ಲಿಷ್ ಮಾತೃಭಾಷೆಯಲ್ಲದವರು ಆ ಭಾಷೆಯನ್ನು ಆಲಿಸುವ, ಓದುವ, ಬರೆಯುವ ಮತ್ತು ಮಾತನಾಡುವ ಕೌಶಲಗಳಲ್ಲಿ ಎಷ್ಟರಮಟ್ಟಿಗೆ ಬಳಸಬಲ್ಲರು ಎಂಬುದನ್ನು ನಿಗದಿತ ಮಾನದಂಡದಿಂದ ಅಳೆಯುವ ಪರೀಕ್ಷೆಗಳು. ವಿದೇಶಿ ವಿಶ್ವವಿದ್ಯಾಲಯಗಳ ಪ್ರವೇಶ, ವೃತ್ತಿ ನೋಂದಣಿ, ಉದ್ಯೋಗ ಮತ್ತು ವಲಸೆ ವೀಸಾಗಳಿಗೆ ಇವುಗಳ ಫಲಿತಾಂಶವನ್ನು ಕೇಳಲಾಗುತ್ತದೆ. ಐಇಎಲ್‌ಟಿಎಸ್, ಟೋಫೆಲ್, ಪಿಟಿಇ ಅಕಾಡೆಮಿಕ್, ಒಇಟಿ ಮತ್ತು ಡುಯೊಲಿಂಗೊ ಇವುಗಳಲ್ಲಿ ಮುಖ್ಯವಾದವು.

ಸಿಇಟಿ ಅಥವಾ ಕೆಪಿಎಸ್‌ಸಿ ಪರೀಕ್ಷೆಗಳಂತೆ ಇವು ಸ್ಪರ್ಧಾತ್ಮಕ ಪರೀಕ್ಷೆಗಳಲ್ಲ. ಇಲ್ಲಿ ರ‍್ಯಾಂಕ್ ಇಲ್ಲ, ಮೀಸಲಾತಿ ಇಲ್ಲ, ಉತ್ತೀರ್ಣ–ಅನುತ್ತೀರ್ಣ ಎಂಬ ವಿಂಗಡಣೆಯೂ ಇಲ್ಲ. ಪರೀಕ್ಷೆಯು ಒಂದು ಮಟ್ಟವನ್ನು ಮಾತ್ರ ಹೇಳುತ್ತದೆ. ಆ ಮಟ್ಟ ಸಾಕೇ ಎಂಬುದನ್ನು ನಿರ್ಧರಿಸುವುದು ವಿಶ್ವವಿದ್ಯಾಲಯ, ವೃತ್ತಿ ಮಂಡಳಿ ಅಥವಾ ಆಯಾ ದೇಶದ ಸರ್ಕಾರ. ಹೀಗಾಗಿ ಒಂದೇ ಅಂಕಪಟ್ಟಿ ಒಂದು ಕಡೆ ಸಾಕಾಗಿ, ಇನ್ನೊಂದು ಕಡೆ ನಿಷ್ಪ್ರಯೋಜಕವಾಗಬಹುದು.

ಹಿನ್ನೆಲೆ

ಇಂಗ್ಲಿಷ್ ಕಲಿತ ವಿದೇಶೀಯರಿಗಾಗಿ ಕೇಂಬ್ರಿಜ್ ವಿಶ್ವವಿದ್ಯಾಲಯವು 1913ರಲ್ಲಿ ಪ್ರಾವೀಣ್ಯ ಪರೀಕ್ಷೆಯೊಂದನ್ನು ಆರಂಭಿಸಿತು. ಅನುವಾದ, ಪ್ರಬಂಧ ಮತ್ತು ಧ್ವನಿಶಾಸ್ತ್ರವನ್ನೂ ಒಳಗೊಂಡ ಆ ಪರೀಕ್ಷೆ ಸುಮಾರು 12 ಗಂಟೆಗಳದು. ಮೊದಲ ವರ್ಷ ಬರೆದವರು ಮೂವರು, ಮೂವರೂ ಅನುತ್ತೀರ್ಣರಾದರು. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಬರುವ ವಿದೇಶಿ ವಿದ್ಯಾರ್ಥಿಗಳಿಗಾಗಿ ಟೋಫೆಲ್ 1964ರಲ್ಲಿ ಮೊದಲ ಬಾರಿಗೆ ನಡೆಯಿತು. ಬ್ರಿಟನ್ನಿನಲ್ಲಿ 1980ರಲ್ಲಿ ಬಂದ ಪರೀಕ್ಷೆಯೊಂದನ್ನು ಪರಿಷ್ಕರಿಸಿ 1989ರಲ್ಲಿ ಐಇಎಲ್‌ಟಿಎಸ್ ರೂಪಿಸಲಾಯಿತು. ಕಂಪ್ಯೂಟರಿನಲ್ಲೇ ನಡೆಯುವ ಪಿಟಿಇ ಅಕಾಡೆಮಿಕ್ 2009ರಲ್ಲಿ ಬಂದಿತು.

ಬೇರೆ ಬೇರೆ ಪರೀಕ್ಷೆಗಳ ಅಂಕಗಳನ್ನು ಹೋಲಿಸಲು ಯುರೋಪ್ ಮಂಡಳಿಯು 2001ರಲ್ಲಿ ಪ್ರಕಟಿಸಿದ ಸಾಮಾನ್ಯ ಚೌಕಟ್ಟು ಬಳಕೆಯಲ್ಲಿದೆ. ಇದು ಭಾಷಾ ಸಾಮರ್ಥ್ಯವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಮಟ್ಟಗಳಾಗಿ ವಿಂಗಡಿಸುತ್ತದೆ. ವೀಸಾ ನಿಯಮಗಳಲ್ಲಿ 'ಬಿ2 ಮಟ್ಟದ ಇಂಗ್ಲಿಷ್' ಎಂದು ಬರೆದಿರುವುದು ಈ ಚೌಕಟ್ಟನ್ನು ಆಧರಿಸಿ.

ಐಇಎಲ್‌ಟಿಎಸ್

ಇಂಟರ್‌ನ್ಯಾಷನಲ್ ಇಂಗ್ಲಿಷ್ ಲ್ಯಾಂಗ್ವೇಜ್ ಟೆಸ್ಟಿಂಗ್ ಸಿಸ್ಟಮ್ ಎಂಬುದರ ಹ್ರಸ್ವರೂಪವೇ ಐಇಎಲ್‌ಟಿಎಸ್. ಬ್ರಿಟಿಷ್ ಕೌನ್ಸಿಲ್, ಐಡಿಪಿ ಮತ್ತು ಕೇಂಬ್ರಿಜ್ ಸಂಸ್ಥೆಗಳು ಇದರ ಜಂಟಿ ಒಡೆಯರು. ಭಾರತದಲ್ಲಿ ಬ್ರಿಟಿಷ್ ಕೌನ್ಸಿಲ್ ನಡೆಸುತ್ತಿದ್ದ ಐಇಎಲ್‌ಟಿಎಸ್ ವ್ಯವಹಾರವನ್ನು ಐಡಿಪಿ 2021ರಲ್ಲಿ ಕೊಂಡುಕೊಂಡಿತು. ಉನ್ನತ ಶಿಕ್ಷಣ ಮತ್ತು ವೃತ್ತಿ ನೋಂದಣಿಗೆ ಅಕಾಡೆಮಿಕ್, ವಲಸೆ ಮತ್ತು ಸಾಮಾನ್ಯ ಉದ್ಯೋಗಕ್ಕೆ ಜನರಲ್ ಟ್ರೇನಿಂಗ್ ಎಂಬ ಎರಡು ಪ್ರಕಾರಗಳಿವೆ. ಆಲಿಸುವಿಕೆ ಮತ್ತು ಮಾತು ಎರಡಕ್ಕೂ ಒಂದೇ. ಓದು ಮತ್ತು ಬರವಣಿಗೆ ಬೇರೆ ಬೇರೆ.

ಆಲಿಸುವಿಕೆಯ ಭಾಗ ಸುಮಾರು 30 ನಿಮಿಷಗಳದು, 40 ಪ್ರಶ್ನೆಗಳು. ಧ್ವನಿಮುದ್ರಣವನ್ನು ಒಮ್ಮೆ ಮಾತ್ರ ಕೇಳಿಸುತ್ತಾರೆ. ಕೇಳಿಸಿಕೊಂಡದ್ದು ಸರಿಯಿದ್ದರೂ ಕಾಗುಣಿತ ತಪ್ಪಿದರೆ ಅಂಕವಿಲ್ಲ. 'ಎರಡು ಪದಗಳಿಗೆ ಮೀರದಂತೆ' ಎಂದು ಸೂಚಿಸಿದ ಕಡೆ ಮೂರು ಪದ ಬರೆದರೂ ಅಂಕವಿಲ್ಲ. ಓದಿನ ಭಾಗದಲ್ಲಿ 60 ನಿಮಿಷಗಳಿಗೆ 40 ಪ್ರಶ್ನೆಗಳು. ಇಲ್ಲಿ ಅನೇಕರನ್ನು ಎಡವಿಸುವುದು ಹೇಳಿಕೆಯೊಂದು ಸರಿ, ತಪ್ಪು ಅಥವಾ 'ಪಠ್ಯದಲ್ಲಿ ಮಾಹಿತಿ ಇಲ್ಲ' ಎಂದು ಗುರುತಿಸುವ ಪ್ರಶ್ನೆ. ಪಠ್ಯದಲ್ಲಿ ಇಲ್ಲದ ಸಂಗತಿಯನ್ನು ಅಭ್ಯರ್ಥಿಯು ತನ್ನ ಸಾಮಾನ್ಯ ಜ್ಞಾನದಿಂದ ತುಂಬಿಕೊಂಡರೆ ಉತ್ತರ ತಪ್ಪುತ್ತದೆ.

ಬರವಣಿಗೆಗೆ 60 ನಿಮಿಷ. ಮೊದಲ ಕಾರ್ಯದಲ್ಲಿ ಕನಿಷ್ಠ 150 ಪದಗಳು: ಅಕಾಡೆಮಿಕ್ ಪ್ರಕಾರದಲ್ಲಿ ನಕ್ಷೆ ಅಥವಾ ಕೋಷ್ಟಕದ ವಿವರಣೆ, ಜನರಲ್ ಪ್ರಕಾರದಲ್ಲಿ ಪತ್ರ. ಎರಡನೆಯದು ಕನಿಷ್ಠ 250 ಪದಗಳ ಪ್ರಬಂಧ. ಇದರ ಅಂಕಭಾರ ಮೊದಲನೆಯದರ ಎರಡರಷ್ಟು. ಮಾತಿನ ಭಾಗವು ಪರೀಕ್ಷಕರೊಂದಿಗೆ 11ರಿಂದ 14 ನಿಮಿಷಗಳ ನೇರ ಸಂಭಾಷಣೆ. ನಿರರ್ಗಳತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ ಈ ನಾಲ್ಕಕ್ಕೂ ಸಮಾನ ಭಾರವಿದೆ. ಅಭಿಪ್ರಾಯ ಸರಿಯೇ ತಪ್ಪೇ ಎಂಬುದಕ್ಕೆ ಅಂಕವಿಲ್ಲ.

ಇತರ ಪರೀಕ್ಷೆಗಳು

ಟೋಫೆಲ್ ಪರೀಕ್ಷೆಯನ್ನು ಅಮೆರಿಕದ ಇಟಿಎಸ್ ಸಂಸ್ಥೆ ನಡೆಸುತ್ತದೆ. 2005ರಿಂದ ಇದು ಅಂತರಜಾಲ ಆಧಾರಿತವಾಗಿದ್ದು, 120 ಅಂಕಗಳ ಶ್ರೇಣಿ ಬಹುಕಾಲ ಬಳಕೆಯಲ್ಲಿತ್ತು. 2026ರ ಜನವರಿಯಿಂದ 1ರಿಂದ 6ರ ಹೊಸ ಶ್ರೇಣಿ ಬಂದಿದೆ. ಹೊಂದಾಣಿಕೆಯ ಅವಧಿಯಲ್ಲಿ ಹಳೆಯ ಶ್ರೇಣಿಯ ಅಂಕವನ್ನೂ ಜೊತೆಗೆ ಕೊಡಲಾಗುತ್ತದೆ. ಹಳೆಯ ಮಾರ್ಗದರ್ಶಿ ಪುಸ್ತಕಗಳನ್ನು ಕೊಳ್ಳುವವರು ಈ ಬದಲಾವಣೆಯನ್ನು ಗಮನಿಸಬೇಕು. ಪಿಯರ್ಸನ್ ಸಂಸ್ಥೆಯ ಪಿಟಿಇ ಅಕಾಡೆಮಿಕ್ ಸುಮಾರು ಎರಡು ಗಂಟೆಗಳದು, ಅಂಕಗಳು 10ರಿಂದ 90. ಇಲ್ಲಿ ಮಾತನ್ನು ಮೈಕಿಗೆ ಹೇಳಬೇಕು, ಮೌಲ್ಯಮಾಪನ ಬಹುಪಾಲು ತಂತ್ರಾಂಶದ್ದು. ಎದುರಿಗೆ ಕುಳಿತ ಪರೀಕ್ಷಕರ ಮುಂದೆ ಹಿಂಜರಿಯುವವರಿಗೆ ಇದು ಅನುಕೂಲವೆನಿಸಿದರೆ, ಅದೇ ಕೊಠಡಿಯಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡುವ ಸದ್ದು ಕೆಲವರಿಗೆ ತೊಡಕಾಗುತ್ತದೆ. ಡುಯೊಲಿಂಗೊ ಪರೀಕ್ಷೆಯನ್ನು ಮನೆಯಿಂದಲೇ, ಕ್ಯಾಮೆರಾದ ಕಣ್ಗಾವಲಿನಲ್ಲಿ ಸುಮಾರು ಒಂದು ಗಂಟೆಯಲ್ಲಿ ಬರೆಯಬಹುದು, ಶುಲ್ಕವೂ ಕಡಿಮೆ. ಆದರೆ ಬ್ರಿಟನ್ ವೀಸಾಕ್ಕೆ ಮಾನ್ಯವಾದ ಸುರಕ್ಷಿತ ಪರೀಕ್ಷೆಗಳ ಪಟ್ಟಿಯಲ್ಲಿ ಅದು ಇಲ್ಲ.

ಅಂಕಗಳ ಅರ್ಥ

ಐಇಎಲ್‌ಟಿಎಸ್‌ನಲ್ಲಿ ಪ್ರತಿ ಕೌಶಲಕ್ಕೂ 0ರಿಂದ 9ರವರೆಗೆ, ಅರ್ಧ ಅಂಕದ ಹೆಜ್ಜೆಗಳಲ್ಲಿ ಬ್ಯಾಂಡ್ ಕೊಡಲಾಗುತ್ತದೆ. ನಾಲ್ಕರ ಸರಾಸರಿಯೇ ಒಟ್ಟು ಬ್ಯಾಂಡ್. ಸರಾಸರಿಯು .25ಕ್ಕೆ ಕೊನೆಗೊಂಡರೆ ಮುಂದಿನ ಅರ್ಧಕ್ಕೆ, .75ಕ್ಕೆ ಕೊನೆಗೊಂಡರೆ ಮುಂದಿನ ಪೂರ್ಣಾಂಕಕ್ಕೆ ಏರಿಸುತ್ತಾರೆ. ಒಬ್ಬ ಅಭ್ಯರ್ಥಿಗೆ ಆಲಿಸುವಿಕೆಯಲ್ಲಿ 7, ಓದಿನಲ್ಲಿ 6.5, ಮಾತಿನಲ್ಲಿ 6, ಬರವಣಿಗೆಯಲ್ಲಿ 5.5 ಬಂದರೆ ಸರಾಸರಿ 6.25, ಅಂಕಪಟ್ಟಿಯಲ್ಲಿ ಅದು 6.5 ಆಗುತ್ತದೆ.

ಜನರ ಬಾಯಲ್ಲಿ ಓಡಾಡುವುದು ಈ 6.5 ಮಾತ್ರ. ಆದರೆ ವಿಶ್ವವಿದ್ಯಾಲಯದ ಷರತ್ತು 'ಒಟ್ಟು 6.5, ಯಾವ ಕೌಶಲದಲ್ಲೂ 6ಕ್ಕಿಂತ ಕಡಿಮೆ ಇರಕೂಡದು' ಎಂದಿದ್ದರೆ, ಮೇಲಿನ ಅಭ್ಯರ್ಥಿಗೆ ಬರವಣಿಗೆಯ ಅರ್ಧ ಬ್ಯಾಂಡಿನಿಂದ ಪ್ರವೇಶ ತಪ್ಪುತ್ತದೆ. ಮರುಪರೀಕ್ಷೆ ಬರೆಯುವವರಲ್ಲಿ ಇಂಥ ಪ್ರಕರಣ ಸಾಮಾನ್ಯ. ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದವರು ನಾಲ್ಕರಲ್ಲಿ ಒಂದೇ ಕೌಶಲವನ್ನು ಮತ್ತೆ ಬರೆಯುವ ಅವಕಾಶ ಈಗ ಭಾರತದಲ್ಲೂ ಇದೆ; ಆದರೆ ಎಲ್ಲ ಸಂಸ್ಥೆಗಳೂ ಅಂಥ ಫಲಿತಾಂಶವನ್ನು ಒಪ್ಪುವುದಿಲ್ಲ.

ದೇಶಗಳ ನಿಯಮಗಳೂ ಒಂದೇ ಬಗೆಯಾಗಿಲ್ಲ. ಅಮೆರಿಕದ ವಿದ್ಯಾರ್ಥಿ ವೀಸಾಕ್ಕೆ ಸರ್ಕಾರವು ನಿರ್ದಿಷ್ಟ ಅಂಕ ನಿಗದಿಪಡಿಸಿಲ್ಲ. ಅದು ವಿಶ್ವವಿದ್ಯಾಲಯಗಳ ವಿವೇಚನೆ. ಆಸ್ಟ್ರೇಲಿಯಾ 2024ರ ಮಾರ್ಚ್‌ನಲ್ಲಿ ವಿದ್ಯಾರ್ಥಿ ವೀಸಾದ ಕನಿಷ್ಠ ಐಇಎಲ್‌ಟಿಎಸ್ ಮಟ್ಟವನ್ನು 5.5ರಿಂದ 6ಕ್ಕೆ ಏರಿಸಿತು. ಕೆನಡಾದ ನುರಿತ ಕೆಲಸಗಾರರ ವಲಸೆ ಯೋಜನೆಯಲ್ಲಿ ಜನರಲ್ ಟ್ರೇನಿಂಗ್‌ನ ಪ್ರತಿ ಕೌಶಲದಲ್ಲೂ ಕನಿಷ್ಠ 6 ಬೇಕು. ಬ್ರಿಟನ್ ತನ್ನ ನುರಿತ ಕೆಲಸಗಾರರ ವೀಸಾದ ಭಾಷಾ ಮಟ್ಟವನ್ನು 2026ರ ಜನವರಿಯಿಂದ ಬಿ1ರಿಂದ ಬಿ2ಕ್ಕೆ ಏರಿಸಿದೆ. ಬ್ರಿಟನ್ ವೀಸಾ ಅರ್ಜಿಗೆ ಸಾಮಾನ್ಯ ಐಇಎಲ್‌ಟಿಎಸ್ ಅಲ್ಲದೆ 'ಯುಕೆವಿಐ' ಹೆಸರಿನ ಪ್ರತ್ಯೇಕ ನೋಂದಣಿ ಬೇಕಾಗಬಹುದು. ಪ್ರಶ್ನೆಗಳ ಸ್ವರೂಪ ಒಂದೇ ಆದರೂ ಒಂದನ್ನು ಬರೆದ ಮೇಲೆ ಇನ್ನೊಂದಕ್ಕೆ ಬದಲಾಯಿಸಲಾಗದು. ಆದ್ದರಿಂದ ಹೋಗಬೇಕಾದ ಕೋರ್ಸು ಮತ್ತು ವೀಸಾ ಯಾವುದೆಂದು ತಿಳಿದ ಮೇಲೆಯೇ ಪರೀಕ್ಷೆಯನ್ನು ಆರಿಸುವುದು ಸರಿಯಾದ ಕ್ರಮ.

ಕನ್ನಡ ಮಾಧ್ಯಮದ ಅಭ್ಯರ್ಥಿಗಳು

ವಿಜಯಪುರ ಜಿಲ್ಲೆಯ ಉದಾಹರಣೆಯಿಂದ ಈ ಪರೀಕ್ಷೆಗಳ ನಿಜವಾದ ಕಷ್ಟ ಎಲ್ಲಿದೆ ಎಂಬುದನ್ನು ಕಾಣಬಹುದು. ನಗರದ ಜಲನಗರದಂಥ ಬಡಾವಣೆಗಳಲ್ಲಾಗಲಿ, ದ್ರಾಕ್ಷಿ ಬೆಳೆಯ ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಹಳ್ಳಿಗಳಲ್ಲಾಗಲಿ ಮಕ್ಕಳು ಒಂದಕ್ಕಿಂತ ಹೆಚ್ಚು ಭಾಷೆಗಳ ನಡುವೆ ಬೆಳೆಯುತ್ತಾರೆ. ಮನೆಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ ಅಥವಾ ತಾಂಡಾಗಳಲ್ಲಿ ಲಂಬಾಣಿ, ಶಾಲೆಯಲ್ಲಿ ಗ್ರಾಂಥಿಕ ಕನ್ನಡ, ಆಮೇಲೆ ಹಿಂದಿ. ಇಂಗ್ಲಿಷ್ ಇವರಿಗೆ ಎರಡನೆಯದಲ್ಲ, ಬಹುಪಾಲು ಮೂರನೆಯ ಅಥವಾ ನಾಲ್ಕನೆಯ ಭಾಷೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಆರಂಭವಾದದ್ದು 2007ರಲ್ಲಿ.

ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿಗೆ 100 ಅಂಕಗಳು. ಅದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲಾ ಹಂತದ ಆಂತರಿಕ ಮೌಲ್ಯಮಾಪನಕ್ಕೆ. ಗದ್ಯ, ಪದ್ಯ, ವ್ಯಾಕರಣ, ಪತ್ರಲೇಖನ ಇವೇ ಪ್ರಶ್ನೆಪತ್ರಿಕೆಯ ತಿರುಳು. ಧ್ವನಿಮುದ್ರಣ ಕೇಳಿಸಿ ಉತ್ತರ ಬರೆಸುವ ಭಾಗವಾಗಲಿ, ಅಪರಿಚಿತ ಪರೀಕ್ಷಕರೊಡನೆ ಮಾತನಾಡಿಸುವ ಭಾಗವಾಗಲಿ ಮಂಡಳಿಯ ಲಿಖಿತ ಪರೀಕ್ಷೆಯಲ್ಲಿ ಇಲ್ಲ. ಅಂತರರಾಷ್ಟ್ರೀಯ ಪರೀಕ್ಷೆಯ ಅರ್ಧ ಭಾಗ ಇವೆರಡೇ. ಇಂಗ್ಲಿಷಿನಲ್ಲಿ 90 ಅಂಕ ಪಡೆದ ವಿದ್ಯಾರ್ಥಿ ಮಾತಿನ ಭಾಗದಲ್ಲಿ ತಡವರಿಸಿದರೆ ಅದನ್ನು ಅವನ ಬುದ್ಧಿಯ ಕೊರತೆ ಎನ್ನಲಾಗದು. ಅವನನ್ನು ಯಾರೂ ಹಿಂದೆ ಆ ಬಗೆಯಲ್ಲಿ ಪರೀಕ್ಷಿಸಿಯೇ ಇರುವುದಿಲ್ಲ. ಪಿಯುಸಿ ವಿಜ್ಞಾನದಿಂದ ಮುಂದೆ ಬೋಧನೆ ಇಂಗ್ಲಿಷಿನಲ್ಲೇ ನಡೆದರೂ ತರಗತಿಯ ವಿವರಣೆ, ಗೆಳೆಯರ ಚರ್ಚೆ ಬಹುಮಟ್ಟಿಗೆ ಕನ್ನಡದಲ್ಲೇ ಸಾಗುವುದರಿಂದ ಈ ಕೊರತೆ ತಾನಾಗಿ ತುಂಬುವುದಿಲ್ಲ.

ಇನ್ನೊಂದು ತೊಡಕು ಕಂಠಪಾಠದ್ದು. ಗೈಡಿನ ಪ್ರಬಂಧವನ್ನು ಬಾಯಿಪಾಠ ಮಾಡಿ ಬರೆಯುವುದು ನಮ್ಮ ಶಾಲೆಗಳಲ್ಲಿ ಅಪರಾಧವಲ್ಲ, ಹಲವೆಡೆ ಅದೇ ಸಿದ್ಧತೆ. ಐಇಎಲ್‌ಟಿಎಸ್ ಪರೀಕ್ಷಕರು ಕಂಠಪಾಠದ ಉತ್ತರವನ್ನು ಗುರುತಿಸಿದರೆ ಅಂಕ ಇಳಿಯುತ್ತದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಕನ್ನಡ ಶಾಲೆಯಲ್ಲಿ ಕಲಿತ ಪ್ರಬಂಧದ ಅಂಗಗಳು ಇಲ್ಲಿಯೂ ಉಪಯುಕ್ತ. ಆದರೆ ಗಾದೆಯಿಂದಲೋ ವಚನದ ಸಾಲಿನಿಂದಲೋ ಪೀಠಿಕೆ ಕಟ್ಟುವ ಅಭ್ಯಾಸಕ್ಕೆ ಅಲ್ಲಿ ಅಂಕವಿಲ್ಲ. ಕೇಳಿದ ಪ್ರಶ್ನೆಗೆ ಬರೆಯುವವರ ನಿಲುವು ಏನೆಂಬುದು ಆರಂಭದಲ್ಲೇ ತಿಳಿಯಬೇಕು, ಪ್ರತಿ ಕಂಡಿಕೆಯೂ ಅದನ್ನೇ ಬೆಳೆಸಬೇಕು.

ಉಚ್ಚಾರಣೆಯ ವಿಷಯದಲ್ಲಿ ಅನಗತ್ಯ ಭಯವೇ ಹೆಚ್ಚು. ಬ್ರಿಟಿಷರಂತೆಯೋ ಅಮೆರಿಕನ್ನರಂತೆಯೋ ಮಾತನಾಡಬೇಕೆಂಬ ನಿಯಮವಿಲ್ಲ. ಕನ್ನಡದ ಲಯ ಮಾತಿನಲ್ಲಿ ಉಳಿದರೆ ತಪ್ಪಲ್ಲ, ಅರ್ಥವಾಗದಿದ್ದರೆ ತಪ್ಪು. ಅರ್ಥ ಕೆಡಿಸಬಲ್ಲ ಕೆಲವು ಸಂಗತಿಗಳು ಮಾತ್ರ ಕನ್ನಡಿಗರಿಗೆ ವಿಶಿಷ್ಟವಾಗಿವೆ. ಇಂಗ್ಲಿಷಿನಲ್ಲಿ ಪಶ್ಚಿಮ ದಿಕ್ಕಿಗೆ ಇರುವ ಪದ ಮತ್ತು ಬನಿಯನ್ನಿಗೆ ಇರುವ ಪದ ಎರಡನ್ನೂ ಕನ್ನಡ ಲಿಪಿಯಲ್ಲಿ 'ವೆಸ್ಟ್' ಎಂದೇ ಬರೆಯಬೇಕು. ಮೊದಲನೆಯದರಲ್ಲಿ ತುಟಿಗಳು ದುಂಡಾಗುತ್ತವೆ, ಎರಡನೆಯದರಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗುತ್ತದೆ. ನಮ್ಮ ಲಿಪಿಗೆ ಈ ಭೇದ ಇಲ್ಲದ್ದರಿಂದ ಕಿವಿಯೂ ಅದನ್ನು ಬೇಗ ಹಿಡಿಯದು. ಸ್ವರದಿಂದ ಆರಂಭವಾಗುವ ಪದಗಳಿಗೆ 'ಯ'ಕಾರ ಅಥವಾ 'ವ'ಕಾರ ಸೇರಿಸುವುದು, ಬಸ್ಸು, ಕಾರು ಎಂಬಂತೆ ಕೊನೆಯಲ್ಲಿ ಸ್ವರ ಎಳೆಯುವುದು ಇನ್ನೆರಡು. ಕನ್ನಡದ ಅವಧಾರಣೆಯ 'ಏ' ಕಾರವನ್ನು 'ಓನ್ಲಿ' ಎಂದು ವಾಕ್ಯದ ಕೊನೆಗೆ ಅಂಟಿಸುವುದು, 'ಗೊತ್ತಿದೆ' ಎಂಬುದನ್ನು 'ಐ ಆಮ್ ನೋಯಿಂಗ್' ಎನ್ನುವುದು ವ್ಯಾಕರಣದ ಅಂಕವನ್ನು ತಗ್ಗಿಸುತ್ತವೆ.

ಪದಗಳ ಅರ್ಥವೂ ದಾರಿ ತಪ್ಪಿಸಬಹುದು. ನಮ್ಮಲ್ಲಿ ಹೋಟೆಲ್ ಎಂದರೆ ಉಪಾಹಾರ ಸಿಗುವ ಸ್ಥಳ. ಪರೀಕ್ಷಕರಿಗೆ ಅದು ತಂಗುವ ಸ್ಥಳ. ಸಂಜೆ ಗೆಳೆಯರೊಡನೆ ಹೋಟೆಲಿಗೆ ಹೋಗಿ ಇಪ್ಪತ್ತು ನಿಮಿಷದಲ್ಲಿ ಮನೆಗೆ ಬಂದೆ ಎಂದರೆ ಅವರಿಗೆ ವಿಚಿತ್ರವೆನಿಸೀತು. 'ಪಿಯುಸಿ' ಎಂಬುದನ್ನೂ ಬಿಡಿಸಿ ಹೇಳಬೇಕಾಗುತ್ತದೆ.

ಶುಶ್ರೂಷಕರು ಮತ್ತು ಒಇಟಿ

ವಿಜಯಪುರವು ವೈದ್ಯಕೀಯ ಶಿಕ್ಷಣದ ಕೇಂದ್ರವೂ ಹೌದು. 1910ರಲ್ಲಿ ಸ್ಥಾಪನೆಯಾದ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು 1986ರಿಂದ ನಡೆಯುತ್ತಿದೆ. ಶುಶ್ರೂಷಾ ಕಾಲೇಜುಗಳೂ ಇಲ್ಲಿವೆ. ಇಂಥ ಊರುಗಳಿಂದ ವಿದೇಶದ ಆಸ್ಪತ್ರೆಗಳಿಗೆ ಹೋಗಬಯಸುವ ಶುಶ್ರೂಷಕರಿಗೆ ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್, ಅಂದರೆ ಒಇಟಿ, ಮುಖ್ಯವಾದುದು. ಆಸ್ಟ್ರೇಲಿಯಾದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಈ ಪರೀಕ್ಷೆ 12 ಆರೋಗ್ಯ ವೃತ್ತಿಗಳಿಗೆ ಸೀಮಿತ. ಅಂಕಗಳು 0ರಿಂದ 500.

ಇದರ ಬರವಣಿಗೆಯ ಭಾಗದಲ್ಲಿ ರೋಗಿಯ ಟಿಪ್ಪಣಿಗಳನ್ನು ಕೊಟ್ಟು, ಇನ್ನೊಬ್ಬ ಆರೋಗ್ಯ ಸಿಬ್ಬಂದಿಗೆ ಸುಮಾರು 180ರಿಂದ 200 ಪದಗಳ ಪತ್ರ ಬರೆಸುತ್ತಾರೆ. ಟಿಪ್ಪಣಿಯಲ್ಲಿರುವುದನ್ನೆಲ್ಲ ಬರೆಯುವುದು ಗುಣವಲ್ಲ. ಪತ್ರ ಓದುವವರಿಗೆ ಏನು ಬೇಕೋ ಅಷ್ಟನ್ನೇ ಆರಿಸಬೇಕು. ಮಾತಿನ ಭಾಗದಲ್ಲಿ ಎರಡು ಪಾತ್ರಾಭಿನಯಗಳಿವೆ: ಎದುರಿನವರು ರೋಗಿ ಅಥವಾ ರೋಗಿಯ ಬಂಧು, ಅಭ್ಯರ್ಥಿ ತನ್ನದೇ ವೃತ್ತಿಯಲ್ಲಿ. ಭಾಷೆಯೊಂದಿಗೆ ಸಾಂತ್ವನ ಹೇಳುವ, ರೋಗಿಯ ಆತಂಕವನ್ನು ಕೇಳಿಸಿಕೊಳ್ಳುವ ರೀತಿಗೂ ಅಂಕವಿದೆ.

ಇಲ್ಲಿಯೇ ಸ್ಥಳೀಯ ಅನುಭವ ತಲೆಕೆಳಗಾಗುತ್ತದೆ. ವಿಜಯಪುರದ ವಾರ್ಡಿನಲ್ಲಿ ಶುಶ್ರೂಷಕಿಯೊಬ್ಬರು ಕೇಸ್ ಶೀಟನ್ನು ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಆದರೆ ರೋಗಿಯನ್ನು ಕೇಳುವುದು 'ಎಲ್ಲಿ ತ್ರಾಸ ಆಗಾಕತ್ತೈತ್ರಿ ಅಜ್ಜಾರ?' ಎಂದೇ. ಔಷಧದ ಹೆಸರು, ರಕ್ತದೊತ್ತಡ, ಶಸ್ತ್ರಕ್ರಿಯೆಯ ಶಬ್ದಗಳೆಲ್ಲ ಇಂಗ್ಲಿಷಿನಲ್ಲಿ ಗೊತ್ತು. ಸಮಾಧಾನದ ಮಾತು ಮಾತ್ರ ಇಂಗ್ಲಿಷಿನಲ್ಲಿ ಒಮ್ಮೆಯೂ ಆಡಿದ್ದಿಲ್ಲ. ಸಿದ್ಧತೆಯ ಸಮಯವನ್ನು ವೈದ್ಯಕೀಯ ಪದಕೋಶಕ್ಕೆ ಕೊಡುವುದಕ್ಕಿಂತ ಈ ಸಾದಾ ಮಾತುಗಳಿಗೆ ಕೊಟ್ಟರೆ ಹೆಚ್ಚು ಪ್ರಯೋಜನ.

ಬ್ರಿಟನ್ನಿನ ಶುಶ್ರೂಷಾ ಮಂಡಳಿಯು ಒಇಟಿಯಲ್ಲಿ ಓದು, ಆಲಿಸುವಿಕೆ ಮತ್ತು ಮಾತಿಗೆ 350 ಅಂಕಗಳ 'ಬಿ' ಶ್ರೇಣಿ, ಬರವಣಿಗೆಗೆ 300 ಅಂಕಗಳ 'ಸಿ ಪ್ಲಸ್' ಶ್ರೇಣಿ ಕೇಳುತ್ತದೆ. ಐಇಎಲ್‌ಟಿಎಸ್ ಅಕಾಡೆಮಿಕ್ ಆದರೆ ಕ್ರಮವಾಗಿ 7 ಮತ್ತು 6.5. ಎರಡು ಬಾರಿ ಬರೆದ ಅಂಕಗಳನ್ನು ಕೆಲವು ಷರತ್ತುಗಳಿಗೆ ಒಳಪಟ್ಟು ಸೇರಿಸಿಕೊಳ್ಳಲೂ ಅವಕಾಶವಿದೆ.

ನೋಂದಣಿ ಮತ್ತು ವೆಚ್ಚ

ಭಾರತದಲ್ಲಿ ಐಇಎಲ್‌ಟಿಎಸ್ ಬರೆಯಲು ಪಾಸ್‌ಪೋರ್ಟ್ ಬೇಕೇ ಬೇಕು, ಆಧಾರ್ ಸಾಲದು. ನೋಂದಣಿಯ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ವಿಜಯಪುರದ ಕಡೆ ಪಾಟೀಲ, ಬಿರಾದಾರ ಎಂಬಂಥ ಅಡ್ಡಹೆಸರುಗಳಿರುವುದರಿಂದ ಒಂದು ತೊಡಕು ಕಡಿಮೆ. ಹಳೆ ಮೈಸೂರಿನ ಕಡೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಷ್ಟೇ ಇರುವವರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಉಳಿದು, ವಿದೇಶಿ ಅರ್ಜಿಗಳಲ್ಲಿ ಗೊಂದಲವಾಗುವುದುಂಟು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಪಾಸ್‌ಪೋರ್ಟಿನ ಕಾಗುಣಿತ ಬೇರೆಯಿದ್ದರೆ ಪರೀಕ್ಷೆಗೆ ಮೊದಲೇ ಸರಿಪಡಿಸಿಕೊಳ್ಳುವುದು ಲೇಸು.

2025ರ ವೇಳೆಗೆ ಐಇಎಲ್‌ಟಿಎಸ್ ಶುಲ್ಕ ಸುಮಾರು 18,000 ರೂಪಾಯಿ. ಒಇಟಿಯದು ಇನ್ನೂ ಹೆಚ್ಚು. ಬೆಂಗಳೂರಿನ ಕೇಂದ್ರವನ್ನು ಆರಿಸಿದರೆ ವಿಜಯಪುರದಿಂದ 500 ಕಿ.ಮೀ.ಗೂ ಮೀರಿದ, ರಾತ್ರಿಯಿಡೀ ರೈಲು ಅಥವಾ ಬಸ್ಸಿನ ಪ್ರಯಾಣ. ಮಾತಿನ ಭಾಗ ಬೇರೆ ದಿನಕ್ಕೆ ನಿಗದಿಯಾದರೆ ವಸತಿಯ ಖರ್ಚೂ ಸೇರುತ್ತದೆ. ಮನೆಯಲ್ಲೇ ಗಡಿಯಾರ ಇಟ್ಟುಕೊಂಡು ಕೆಲವು ಪೂರ್ಣ ಮಾದರಿ ಪರೀಕ್ಷೆಗಳನ್ನು ಬರೆದು, ಬೇಕಾದ ಮಟ್ಟ ಬಂದ ಮೇಲೆ ಶುಲ್ಕ ಕಟ್ಟುವುದು ಈ ಕಾರಣಕ್ಕೆ ಮುಖ್ಯ. ಮಾದರಿ ಪತ್ರಿಕೆಗಳು ಪರೀಕ್ಷಾ ಸಂಸ್ಥೆಗಳ ಜಾಲತಾಣಗಳಲ್ಲೇ ಉಚಿತವಾಗಿ ದೊರೆಯುತ್ತವೆ. ಫಲಿತಾಂಶದ ಮಾನ್ಯತೆ ಸಾಮಾನ್ಯವಾಗಿ ಎರಡು ವರ್ಷ. ಬಹಳ ಮುಂಚಿತವಾಗಿ ಬರೆದಿಟ್ಟರೆ ಪ್ರವೇಶದ ವೇಳೆಗೆ ಅವಧಿ ಮುಗಿದಿರಬಹುದು. ವಿದೇಶ ವ್ಯಾಸಂಗ ಮಾಡುವ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ 'ಪ್ರಬುದ್ಧ' ವಿದ್ಯಾರ್ಥಿವೇತನವಿದೆ.

ವಿನಾಯಿತಿ ಮತ್ತು ವಂಚನೆ

ಪದವಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಕ್ಕೆ ವಿಶ್ವವಿದ್ಯಾಲಯ ಅಥವಾ ಕಾಲೇಜು ಕೊಡುವ ಬೋಧನಾ ಮಾಧ್ಯಮ ಪ್ರಮಾಣಪತ್ರವನ್ನು ಕೆಲವು ವಿದೇಶಿ ಸಂಸ್ಥೆಗಳು ಪರೀಕ್ಷೆಗೆ ಬದಲಾಗಿ ಒಪ್ಪುತ್ತವೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪದವಿಯನ್ನು ಇಂಗ್ಲಿಷಿನಲ್ಲಿ ಮುಗಿಸಿದವರೂ ಇದನ್ನು ಕೇಳಬಹುದು. ಆದರೆ ಪ್ರವೇಶಕ್ಕೆ ಒಪ್ಪಿದ ಮಾತ್ರಕ್ಕೆ ವೀಸಾಕ್ಕೂ ಒಪ್ಪಿತವೆಂದು ತಿಳಿಯಬಾರದು. ಇಂಗ್ಲಿಷ್ ಭಾರತ ಒಕ್ಕೂಟದ ಆಡಳಿತದಲ್ಲಿ ಬಳಕೆಯಲ್ಲಿದ್ದರೂ, ಬ್ರಿಟನ್ನಿನ ವಲಸೆ ನಿಯಮಗಳಲ್ಲಿ ಇಂಗ್ಲಿಷ್ ಬಹುಸಂಖ್ಯಾತರ ಭಾಷೆಯಾಗಿರುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ.

ಪರೀಕ್ಷೆಯಿಲ್ಲದೆಯೇ ಅಂಕಪಟ್ಟಿ ಕೊಡಿಸುತ್ತೇವೆ ಎನ್ನುವವರೂ ಇದ್ದಾರೆ. ಫಲಿತಾಂಶವನ್ನು ವಿಶ್ವವಿದ್ಯಾಲಯಗಳೂ ವೀಸಾ ಅಧಿಕಾರಿಗಳೂ ಪರೀಕ್ಷಾ ಸಂಸ್ಥೆಯ ದಾಖಲೆಯಲ್ಲೇ ಪರಿಶೀಲಿಸುವುದರಿಂದ ನಕಲಿ ಪಟ್ಟಿ ಬಹುಬೇಗ ಸಿಕ್ಕಿಬೀಳುತ್ತದೆ. 2014ರಲ್ಲಿ ಬ್ರಿಟನ್ನಿನ ಕೆಲವು ಕೇಂದ್ರಗಳಲ್ಲಿ ಟೋಯಿಕ್ ಎಂಬ ಪರೀಕ್ಷೆಯನ್ನು ಬೇರೆಯವರಿಂದ ಬರೆಸುತ್ತಿದ್ದುದನ್ನು ಬಿಬಿಸಿ ಬಯಲಿಗೆಳೆದಾಗ ಅಲ್ಲಿನ ಸರ್ಕಾರ ಸಾವಿರಾರು ವಿದ್ಯಾರ್ಥಿಗಳ ವೀಸಾ ರದ್ದುಪಡಿಸಿತು. ಅವರಲ್ಲಿ ಭಾರತೀಯರೂ ಇದ್ದರು. ತಾವು ನಿರಪರಾಧಿಗಳೆಂದು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿದವರೂ ಇದ್ದಾರೆ. ವಿದೇಶಿ ಉದ್ಯೋಗಕ್ಕೆ ಜನರನ್ನು ಕಳುಹಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರಾಗಿರಬೇಕು. ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ನೋಂದಾಯಿತ ಏಜೆಂಟರ ಪಟ್ಟಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು.